ಮಗಳ ಪಾತ್ರಕ್ಕೆ ಎಷ್ಟು ನಕ್ಷತ್ರ

—ಧ್ವನಿ ತೆಳು, ಆ ಹುಡುಗಿಯದು ತೀರ ತೆಳು, ಮೂರನೆಯ ಸಾಲಿಗೇ ಅರ್ಧ ಕೇಳಿಸುತ್ತಿಲ್ಲ, ಹಿಂದಿನವರ ಗತಿಯೇನು ಎಂದುಕೊಂಡು ವಿಶಾಲಾಕ್ಷಿ ಕತ್ತಲಲ್ಲೇ ಚೀಟಿಯ ಮೇಲೆ ಗೀಚಿದಳು, ಮಗಳ ಪಾತ್ರ, ಎರಡು ನಕ್ಷತ್ರ, ಹೋಗಲಿ ಎರಡೂವರೆ, ಪಾಪ ಚಿಕ್ಕ ವಯಸ್ಸು — ಆದರೆ ಪಾಪ ಅನ್ನುವುದು ವಿಮರ್ಶೆಯಾಗುವುದಿಲ್ಲ, ಕನ್ನಡ ಸಂಘದ ಪತ್ರಿಕೆ ನಡೆಸುವ ಅಂಕಿತಾ ಕ್ಯಾನರಿ ವಾರ್ಫಿನ ಆಫೀಸಿನಿಂದಲೇ ಫೋನು ಮಾಡಿ ನಕ್ಕಿದ್ದಳು, ಆಂಟಿ, ಎಲ್ಲಾ ಆಕ್ಟರ್ಸ್‌ಗೂ ಸ್ಟಾರ್ಸ್ ಕೊಟ್ಬಿಡಿ ಸಾಕು, ಉದ್ದ ಬರೆದ್ರೆ ಯಾರೂ ಓದಲ್ಲ, ಯಾರೂ ಓದದಿದ್ದರೆ ನಾನೇಕೆ ಶನಿವಾರ ಮಧ್ಯಾಹ್ನ ಕೊಲಿಂಡೇಲ್‌ನಿಂದ ಟ್ಯೂಬ್ ರೈಲು ಹಿಡಿದು ಬಂದು ಕ್ಯಾಮ್ಡನ್ನಿನ ಪಬ್ಬಿನ ಮೇಲಿನ ಈ ಪುಟ್ಟ ರಂಗಮಂದಿರದಲ್ಲಿ ಮೊಣಕಾಲು ಮಡಚಿ ಕೂರಬೇಕು, ಎಪ್ಪತ್ತು ವರ್ಷ ಹಳೆಯ ಅಮೆರಿಕನ್ ನಾಟಕ ಮತ್ತೆ ರಂಗಕ್ಕೆ ಬಂದಿದೆ ಅಂತಲೇ ಅಲ್ಲವೇ, ನಿವೃತ್ತ ರೈಲು ಚಾಲಕ, ಅವನ ಮನೆ ಖಾಲಿ ಮಾಡಿಸಲು ಬಂದ ಮಗಳು, ಇಷ್ಟೇ ಕಥೆ, ಹುಬ್ಬಳ್ಳಿಯ ಮೆಡಿಕಲ್ ಕಾಲೇಜಿನ ಗ್ಯಾದರಿಂಗಿನಲ್ಲಿ ಇದನ್ನೇ ಕನ್ನಡದಲ್ಲಿ ಆಡಿದಾಗ ಈ ಮಗಳ ಪಾತ್ರ ತನ್ನದೇ ಆಗಿತ್ತು, ಕಾಂಪೌಂಡಿನ ಮೇಲೆ ಕೂತವರಿಗೂ ಕೇಳಿಸಿತ್ತು ಅವಳ ಧ್ವನಿ, ಪರದೆಯ ಹಿಂದೆ ಪುಸ್ತಕ ಹಿಡಿದು ಮಾತು ಎತ್ತಿಕೊಡುತ್ತಿದ್ದವನು ಬಸವಂತಪ್ಪ, ಈಗ ಪಕ್ಕದ ಕುರ್ಚಿಯಿಂದ ಬಾಗಿ, ಈಕಿ ಯಾರ, ವಿಶಾಲಾ, ಎಂದು ಮೂರನೆಯ ಸಲ ಕೇಳುತ್ತಿರುವ ಗಂಡ — ಮಗಳ್ರೀ, ಆಗಲೇ ಹೇಳಿದ್ನಲ್ಲ, ಪಿಸುಮಾತೂ ಚುಚ್ಚುವಂತೆ ಬಂತು, ಅವನು ಬೈಸಿಕೊಂಡವನ ಹಾಗೆ ಕೈಗಳನ್ನು ತೊಡೆಯ ಸಂದಿಗೆ ಸೇರಿಸಿಕೊಂಡ, ಸಾವಿರಾರು ಮುರಿದ ಮೂಳೆ ಕೂಡಿಸಿದ ಸರ್ಜನ್ನನ ಕೈ, ಮೂವತ್ತು ವರ್ಷ ಜಿಪಿ ಡಾಕ್ಟರಾಗಿ ಎಷ್ಟು ಮನೆಯವರಿಗೆ ಹೇಳಿಲ್ಲ ಅವಳು, ಮರೆವು ಕಂಡರೆ ತಡಮಾಡಬೇಡಿ, ಮೆಮೊರಿ ಕ್ಲಿನಿಕ್ಕಿಗೆ ಕರೆದೊಯ್ಯಿರಿ ಎಂದು, ತನ್ನವನ ಪಾಲಿಗೆ ಮಾತ್ರ ಮುಂದಿನ ವಾರ, ಅದರ ಮುಂದಿನ ವಾರ, ಇರಲಿ, ತಂದೆಯ ಪಾತ್ರದ ಮುದುಕ ನಟನಿಗೆ ನಾಲ್ಕು, ಎಂಥ ನಿಲುವು, ಸೇತುವೆಯ ಮಾತು ಬರಲಿ, ಐದಕ್ಕೆ ಏರಿಸಬಹುದು — ಬಂತು, ಮೊದಲ ಸಲ ಎಂಜಿನ್ ನಡೆಸಿದ ದಿನದ ನೆನಪು, ಸೇತುವೆಯ ಮೇಲೆ, ಅಂದ ಮುದುಕ, ಸೇತುವೆಯ ಮೇಲೆ, ನಿಂತ, ಒಳ್ಳೆಯ ಮೌನ ಎಂದು ಬರೆಯಹೋದವಳ ಪೆನ್ನು ತಡೆಯಿತು, ಆ ಕಣ್ಣು, ಆ ಕಣ್ಣನ್ನು ಬಲ್ಲಳು, ಅಡುಗೆಮನೆಯ ಹೊಸ್ತಿಲಲ್ಲಿ ಯಾತಕ್ಕೆ ಬಂದೆ ಎಂದು ನಿಂತ ಬಸವಂತಪ್ಪನ ಕಣ್ಣು, ಅಯ್ಯೋ, ಯಾರಾದರೂ ಎತ್ತಿಕೊಡಿ — ಹುಡುಗಿ ಎದ್ದಳು, ಅವಸರವಿಲ್ಲ, ಅವನೆದುರು ನಿಂತು ಕೋಟಿನ ತಪ್ಪಿದ ಗುಂಡಿಯನ್ನು ಬಿಡಿಸಿ, ಹೆಬ್ಬೆರಳಿನಿಂದ ಸರಿಯಾದ ಕಾಜಕ್ಕೆ ಮೆಲ್ಲಗೆ ತೂರಿಸುತ್ತ, ಹಿಮ ಬಿದ್ದಿತ್ತು ಅಲ್ವಾ ಅಪ್ಪಾ, ಹಳಿ ಕಾಣ್ತಿರಲಿಲ್ಲ ಅಂತಿದ್ದೆ ನೀನು, ಅಂದಳು, ನಾಟಕದಲ್ಲಿಲ್ಲದ ಮಾತು, ಈ ದೃಶ್ಯದಲ್ಲಿ ಮಗಳಿಗೆ ಮಾತೇ ಇಲ್ಲ, ಹೌದು, ಹಿಮ, ಅಂದ ಮುದುಕ, ಹಳಿ ಕಾಣ್ತಿರಲಿಲ್ಲ, ಅಂದ, ಸೇತುವೆ ದಾಟಿದ.

ಇನ್ನೂ ನಾಲ್ಕು ಸಲ ಆ ಹುಡುಗಿ ಅವನನ್ನು ದಾಟಿಸಿದಳು, ಒಮ್ಮೆ ಪ್ರಶ್ನೆಯಾಗಿ, ಒಮ್ಮೆ ಸುಮ್ಮನೆ ನಕ್ಕು, ಸುತ್ತ ಯಾರಿಗೂ ತಿಳಿಯಲಿಲ್ಲ, ಚಪ್ಪಾಳೆಯಲ್ಲಿ ಎಲ್ಲರೂ ಮುದುಕನನ್ನೇ ನೋಡಿದರು, ನೋಡಲಿ, ಅವನು ತಡವರಿಸಿದ್ದನ್ನು ಬರೆಯಲಾರೆ, ಯಾರ ಅಪ್ಪನೋ, ಯಾರ ಗಂಡನೋ, ಆ ಧ್ವನಿ ತೆಳುವಾಗಿದ್ದದ್ದು ಅವನ ಉಸಿರಿಗೆ ಕಿವಿಗೊಟ್ಟಿದ್ದಕ್ಕೇನೋ, ಅಥವಾ ಸುಮ್ಮನೆ ತೆಳು ಧ್ವನಿಯೇ ಇದ್ದೀತು, ಆದರೇನು — ಟ್ಯೂಬಿನಲ್ಲಿ ಬಸವಂತಪ್ಪ ಮತ್ತೆ, ಮಗಳ ಪಾರ್ಟ್ ಯಾರ ಮಾಡಿದ್ರು, ಆಗಲೇ ಎನ್ನುವುದು ನಾಲಗೆಯ ತುದಿಗೆ ಬಂದಿತ್ತು, ನುಂಗಿದಳು, ಒಬ್ಬ ಹುಡುಗಿರೀ, ಭಾಳ ಛಲೋ ಮಾಡಿದ್ಲು, ಹುಬ್ಬಳ್ಳ್ಯಾಗ ನಾನ ಮಾಡಿದ್ದೆ, ಪರದೆ ಹಿಂದ ನೀವು ಪುಸ್ತಕ ಹಿಡಕೊಂಡು, ಅವನ ಮುಖ ಅರಳಿತು, ಮೂರು ಸಲ ಮರ್ತಿದ್ದಿ ನೀ, ಅಂದ, ಮೂರು ಸಲವೂ ನಿಜ, ಸೋಮವಾರ ಡಾಕ್ಟರ್ ಕಡೆ ಹೋಗೋಣ್ರೀ, ಅಂದುಬಿಟ್ಟಳು, ನೀನ ಡಾಕ್ಟರ್ ಇದ್ದೀಯಲ್ಲ, ನೀವೂ ಡಾಕ್ಟರ್ ಇದ್ದೀರಿ, ಆದ್ರೂ ಹೋಗೋಣ, ಅವನು ಕಿಟಕಿಯ ಗಾಜಿನಲ್ಲಿ ತನ್ನನ್ನೇ ನೋಡಿಕೊಂಡ, ಗೊತ್ತಿತ್ತು ಅವನಿಗೂ, ಅವಳಿಗಿಂತ ಮೊದಲೇ ಗೊತ್ತಿದ್ದೀತು, ನೀ ಸಂಗಡ ಬರ್ತೀ ಹೌದಲ್ಲೊ, ಬರ್ತೀನ್ರೀ — ಚೀಟಿ ಬಿಚ್ಚಿದಳು, ಎರಡೂವರೆಯನ್ನು ಹೊಡೆದುಹಾಕಿ ಐದು ಬರೆದಳು, ಯಾಕೆ ಆಂಟಿ ಎಂದು ಕೇಳುತ್ತಾಳೆ ಅಂಕಿತಾ, ಒಂದು ವಾಕ್ಯವಾದರೂ ಬೇಕು, ಈ ನಟಿ, ಎಂದು ಬರೆದಳು, ಈ ನಟಿಯ ಅಭಿನಯ, ಮುಂದಿನ ಪದ ಬರಲಿಲ್ಲ, ಆ ಹೆಬ್ಬೆರಳು ಮಾತ್ರ, ಗುಂಡಿಯ ಅಂಚು ಕಾಜದೊಳಗೆ ಅರ್ಧ ಹೋಗಿದೆ, ಹೆಬ್ಬೆರಳು ಒತ್ತುತ್ತಿಲ್ಲ, ಕಾಯುತ್ತಿದೆ