ಬ್ಲೇಡು ತಾಗದ ಪ್ರತಿ

ಲೆನಿನ್‌ಗ್ರಾಡಿನ ಹಳೆಪುಸ್ತಕದಂಗಡಿಯ ಫೋಮಾ ಇಲ್ಯಿಚ್‌ಗೆ ಗ್ಲಫೀರಾ ಪೆತ್ರೋವ್ನಾ ಎಂದರೆ ಸಲಿಗೆ. ಎಪ್ಪತ್ತರ ಆ ಮುದುಕಿ ಹತ್ತು ವರ್ಷದಿಂದ ಅವನಲ್ಲಿ ಒಂದೇ ಪುಸ್ತಕ ಕೊಳ್ಳುತ್ತಿದ್ದಳು: ಸಾವಿರದ ಒಂಬೈನೂರ ಇಪ್ಪತ್ತೆಂಟನೇ ಇಸವಿಯಲ್ಲಿ ಅಚ್ಚಾದ, ಸರ್ಕಾರಿ ಗುಮಾಸ್ತರನ್ನು ಗೇಲಿ ಮಾಡುವ ಒಂದು ಕಾದಂಬರಿ. ಅದೇ ಮುದ್ರಣದ ಹದಿನೇಳು ಪ್ರತಿ ಈಗಾಗಲೇ ಅವಳ ಮನೆ ಸೇರಿದ್ದವು.

"ಬನ್ನಿ ಬನ್ನಿ, ಹದಿನೆಂಟನೇದು ಬಂದಿದೆ," ಎಂದ ಫೋಮಾ, ಮೇಜಿನಡಿಯಿಂದ ಪುಸ್ತಕ ತೆಗೆಯುತ್ತ. "ಹದಿನೇಳು ಸಲ ಓದಿದ್ರೂ ನಿಮ್ಗೆ ನಗು ಬರ್ಲಿಲ್ವಾ?"

"ನಗೋದು ಆಮೇಲೆ. ಮೊದ್ಲು ಮುನ್ನುಡಿ ತೋರ್ಸು."

ಮುನ್ನುಡಿ ಬರೆದವನು ಅವಳ ಗಂಡ, ಪತ್ರಿಕೆಗಳಿಗೆ ನಗೆಬರಹ ಬರೆಯುತ್ತಿದ್ದ ಮಿರೋನ್ ಲಾಪಿನ್. ಮೂವತ್ತೇಳನೇ ಇಸವಿಯಲ್ಲಿ ಗುಪ್ತ ಪೊಲೀಸರು ಅವನನ್ನು ಹಿಡಿದುಕೊಂಡು ಹೋದರು, ಅವನು ಮರಳಲಿಲ್ಲ. ಗೋಡೆಗೂ ಕಿವಿಯಿದ್ದ ಕಾಲ ಅದು. ಸೆರೆಯಾದವರ ಹೆಸರು ಕಪಾಟಿನ ಪುಸ್ತಕದಲ್ಲಿದ್ದರೆ ಮನೆಯವರಿಗೂ ಕುತ್ತು. ಊರಿಗೆ ಊರೇ ಪುಸ್ತಕ ಬಿಡಿಸಿಕೊಂಡು ಕೂತು ಅಂಥ ಹೆಸರುಗಳನ್ನು ಬ್ಲೇಡಿನಿಂದ ಕೊಯ್ದಿತು, ಮಸಿ ಬಳಿಯಿತು. ಅವಳು ಕೊಂಡ ಹದಿನೇಳರಲ್ಲೂ ಅವನ ಹೆಸರಿದ್ದ ಕಡೆ ತೂತು, ಇಲ್ಲವೇ ಕಪ್ಪು ಕಲೆ. ಅವನ ಫೋಟೊ, ಕಾಗದಗಳೆಲ್ಲ ಒಲೆಯ ಪಾಲಾಗಿದ್ದವು. ಅಚ್ಚಾದ ಆ ಹೆಸರನ್ನು ಸಾಯುವ ಮುಂಚೆ ಒಮ್ಮೆ ನೋಡಬೇಕು, ಅಷ್ಟೇ ಅವಳ ಆಸೆ.

ಆಗಿನ ಪುಸ್ತಕಗಳ ಹಾಳೆಗಳು ಅಂಚಿನಲ್ಲಿ ಕೂಡಿಕೊಂಡೇ ಬರುತ್ತಿದ್ದವು, ಓದುವವರೇ ಕೊಯ್ದು ಬಿಡಿಸಿಕೊಳ್ಳಬೇಕಿತ್ತು. ಈ ಪ್ರತಿಯ ಮಡಿಕೆಗಳನ್ನು ಯಾರೂ ಬಿಡಿಸಿರಲಿಲ್ಲ. ಅಚ್ಚಿನ ಮನೆಯಿಂದ ಬಂದ ಹಾಗೆಯೇ ಇತ್ತು.

"ಯಾರೋ ಕೊಂಡು ಇಟ್ಟು ಮರ್ತಿದಾರೆ," ಎಂದ ಫೋಮಾ. "ಒಂದು ಪುಟಾನೂ ಓದಿಲ್ಲ, ಪುಣ್ಯಾತ್ಮರು."

ಮನೆಗೆ ಬಂದವಳು ಕೋಟನ್ನೂ ಬಿಚ್ಚದೆ ಅಡಿಗೆಮನೆಯ ಚಾಕುವಿನಿಂದ ಮಡಿಕೆ ಬಿಡಿಸಿದಳು. ಮುನ್ನುಡಿಯ ಕೊನೆಯಲ್ಲಿ ಇತ್ತು: ಮಿರೋನ್ ಲಾಪಿನ್. ಜನರನ್ನು ನಗಿಸಬೇಕೆಂದೇ ಬದುಕಿದವನು ಯಾರೂ ಓದದ ಪುಸ್ತಕದಲ್ಲಿ ಮಾತ್ರ ಉಳಿದುಕೊಂಡಿದ್ದ.

ಆಮೇಲೆ ಕಪಾಟಿನ ಮೂಲೆಯಿಂದ ಇನ್ನೊಂದು ಪ್ರತಿ ತೆಗೆದಳು. ಅದು ಕೊಂಡದ್ದಲ್ಲ, ಅವರ ಮನೆಯದೇ. ಬೇರೆಯವರು ಕೊಯ್ದ ತೂತುಗಳು ಸೊಟ್ಟಪಟ್ಟ. ಇದರ ತೂತು ಅಳತೆ ಹಿಡಿದಂತೆ ನೆಟ್ಟಗಿತ್ತು. ಅವನನ್ನು ಕರೆದುಕೊಂಡು ಹೋದ ಮಾರನೆಯ ಬೆಳಿಗ್ಗೆ, ಅವನು ಗಡ್ಡ ಹೆರೆಯುತ್ತಿದ್ದ ಬ್ಲೇಡಿನಿಂದಲೇ ಅವಳು ಕೊಯ್ದಿದ್ದಳು. ಕೊಯ್ಯೆಂದು ಯಾರೂ ಹೇಳಿರಲಿಲ್ಲ. ಕೊಯ್ದೆನೆಂದು ಅವಳೂ ಯಾರಿಗೂ ಹೇಳಿರಲಿಲ್ಲ.

ಸಡಿಲವಾಗಿದ್ದ ಆ ಹಾಳೆಯನ್ನು ಬಿಡಿಸಿ ಹೊಸ ಪ್ರತಿಯ ಪುಟದ ಮೇಲಿಟ್ಟಳು. ಹೆಸರು ಆ ಕಿಂಡಿಯಲ್ಲಿ ಒಂದಕ್ಷರವೂ ಮರೆಯಾಗದೆ ಬಂದು ಕೂತಿತು.

"ನೋಡು ಮಿರೋನ್, ಅವತ್ತು ನನ್ನ ಕೈ ಒಂಚೂರೂ ನಡುಗಿಲ್ಲ," ಎಂದು ಬಿಕ್ಕಿ ಬಿಕ್ಕಿ ಅತ್ತಳು.