ಫೇಲಾದ ವಾಕ್ಯ

ನಮ್ಮ ನಿಘಂಟು ಕಚೇರಿಯಲ್ಲಿ ಒಂದು ಪದ್ಧತಿಯಿದೆ. ಇಂಗ್ಲಿಷ್ ಪದದ ಬಳಕೆ ತೋರಿಸಲು ವಾಕ್ಯ ಬರೆದವರು ಅದನ್ನು ಮನೆಯಲ್ಲಿ ಯಾರಿಗಾದರೂ ಓದಿ ಹೇಳಬೇಕು. ಕೇಳಿದವರು ಮರುಪ್ರಶ್ನೆ ಹಾಕಿದರೆ ವಾಕ್ಯ ಫೇಲು. ನನ್ನ ಹೆಂಡತಿಗೆ ಲಕ್ವ ಹೊಡೆದ ಮೇಲೆ ನನ್ನ ಒಂದು ವಾಕ್ಯವೂ ಫೇಲಾಗಿಲ್ಲ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾಳೆ, ಏನನ್ನೂ ಕೇಳುವುದಿಲ್ಲ.

ಬಲಗೈ ಆಡಿಸದಿದ್ದರೆ ಅದು ಹಾಗೇ ಉಳಿದುಬಿಡುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದಾರೆ. ಹಿಸುಕಲು ಕೊಟ್ಟ ರಬ್ಬರ್ ಚೆಂಡು ಮಂಚದ ಕೆಳಗೆ ಧೂಳು ತಿನ್ನುತ್ತಿದೆ. ನಾನು ಹೇಳಿದ್ದೆಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಅಡುಗೆ, ಕಸ, ಪಾತ್ರೆ, ಆಮೇಲೆ ಕಚೇರಿ. ನನಗೂ ಸಾಕಾಗಿದೆ.

ಆವತ್ತು ನನ್ನ ಪಾಲಿಗೆ ಬಂದ ಪದ ‘ಮಂಡೇನ್’. ಲೌಕಿಕ, ಈ ಲೋಕಕ್ಕೆ ಸೇರಿದ್ದು. ಈಗಿನ ಬಳಕೆಯಲ್ಲಿ ದಿನನಿತ್ಯದ, ಸಪ್ಪೆಯಾದ ಎಂದು ಅರ್ಥ ಬರೆದೆ. ವಾಕ್ಯಕ್ಕಾಗಿ ತಲೆ ಕೆರೆದುಕೊಳ್ಳಬೇಕಾಗಲಿಲ್ಲ. ಸಂಜೆ ಸಿಂಕಿನ ಮುಂದೆ ನಿಂತು, ಬಾಗಿಲಾಚೆ ಮಲಗಿದ್ದವಳಿಗೆ ಕೇಳುವಂತೆ ಓದಿದೆ.

“ಪಾತ್ರೆ ತೊಳೆಯುವುದು ಮಂಡೇನ್ ಕೆಲಸ. ಅಂದ್ರೆ ಏನೂ ವಿಶೇಷ ಇಲ್ಲದ, ಬೇಜಾರಿನ ಕೆಲಸ ಅಂತ ಕಣೇ.”

ಉತ್ತರಕ್ಕೆ ಕಾಯದೆ ನಾನು ನಲ್ಲಿ ತಿರುಗಿಸಿದೆ.

“ಯಾರಿಗೆ ಬೇಜಾರು?”

ನಲ್ಲಿ ನಿಲ್ಲಿಸಿ ಒಳಗೆ ಹೋದೆ. ಅವಳು ನನ್ನ ಕಡೆ ತಿರುಗಿದ್ದಳು. ಕಣ್ಣಲ್ಲಿ ಸಿಟ್ಟಿತ್ತು.

“ಹೇಳಿ, ಯಾರಿಗೆ? ನಂಗೆ ಒಂದು ಲೋಟ ತೊಳೆಯೋಕೆ ಆದ್ರೆ ಸಾಕಾಗಿತ್ತು. ನಿಮಗೆ ಬೇಜಾರಂತೆ.”

ಕೆನ್ನೆಗೆ ಹೊಡೆದಂತಾಯಿತು. ಅವಳನ್ನು ದಿಂಬಿಗೆ ಒರಗಿಸಿ ಕೂರಿಸಿದೆ. ಟಬ್ಬಿನಲ್ಲಿ ನೀರು, ಒಂದು ಸ್ಟೀಲ್ ಲೋಟ, ನಾರು ತಂದು ಅವಳ ತೊಡೆಯ ಮೇಲಿಟ್ಟೆ. ಎಡಗೈಯಲ್ಲಿ ಲೋಟ ಹಿಡಿದಳು. ಬಲಗೈಯನ್ನು ನೀರಿಗೆ ಎಳೆದು ತಂದಳು. ಬೆರಳುಗಳು ನಾರನ್ನು ಹಿಡಿಯಲಾರದೆ ಬಿಟ್ಟವು, ಮತ್ತೆ ಹಿಡಿದವು. ಟಬ್ಬು ವಾಲಿ ಹಾಸಿಗೆಯೆಲ್ಲ ಒದ್ದೆಯಾಯಿತು.

“ಅಯ್ಯೋ, ಇದನ್ನೂ ನೀವೇ ಒಗೀಬೇಕು,” ಎಂದಳು. ಕೈ ಮಾತ್ರ ನಿಲ್ಲಿಸಲಿಲ್ಲ.

ಮರುದಿನ ಸಂಪಾದಕರು ಪುಟ ಅಚ್ಚಿಗೆ ಕಳಿಸುವ ಅವಸರದಲ್ಲಿದ್ದರು.

“ವಾಕ್ಯ ಪಾಸಾಯ್ತೇನ್ರೀ?”

“ಇಲ್ಲ ಸಾರ್, ಫೇಲಾಯ್ತು.” ವಾಕ್ಯದ ಮೇಲೆ ಗೀಟು ಎಳೆದೆ. “ನಮ್ಮನೆಯವಳು ಪ್ರಶ್ನೆ ಕೇಳಿದ್ಲು.”