ನಡುದಾರಿಯಲ್ಲಿ ನಿಂತದ್ದು

"ಫ್ಯಾನ್ ತಿರುಗ್ತಿದೆ, ಬಿಸಿ ಏರಿಲ್ಲ, ಧೂಳೂ ಇಲ್ಲ. ಇನ್ನೇನು ನೋಡ್ಲಿ ಭಾವ?"

ಮೇಜಿನ ಕೆಳಗಿನಿಂದ ನಾದಿನಿ ಕೇಳಿದಳು. ಕಂಪ್ಯೂಟರಿನ ಪಕ್ಕದ ತಗಡನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದಳು. ಹಲ್ಲಲ್ಲಿ ಕಚ್ಚಿದ್ದ ಟಾರ್ಚನ್ನು ಮಾತಿಗೊಮ್ಮೆ ತೆಗೆದು, ಮಾತು ಮುಗಿದೊಡನೆ ಮತ್ತೆ ಕಚ್ಚಿಕೊಳ್ಳುತ್ತಿದ್ದಳು.

"ನಿನ್ನೆ ನಿಂತಿತ್ತು. ಮೊನ್ನೇನೂ ನಿಂತಿತ್ತು" ಎಂದ ಲಾರಿ ಚಾಲಕ. "ಸೇತುವೆ ಮೇಲೆ ಹೋಗ್ತಾ ಇರ್ತೀನಿ. ನೋಡಿದ್ರೆ ಲಾರಿ ಹಳ್ಳದಲ್ಲಿ! ನಡುವಿನದ್ದೆಲ್ಲ ಮಾಯ."

ಅವನು ದೂರದೂರಿಗೆ ಸರಕು ಒಯ್ಯುತ್ತಿದ್ದವನು. ಹೋದ ವರ್ಷ ಗೋದಾಮಿನ ಅಂಗಳದಲ್ಲಿ ಫಿಟ್ಸ್ ಬಂದು ಬಿದ್ದ ಮೇಲೆ ವೈದ್ಯರು ಮಾತ್ರೆ ಬರೆದುಕೊಟ್ಟರು, ಸರ್ಕಾರ ಲೈಸೆನ್ಸ್ ತಡೆಹಿಡಿಯಿತು. ಮನೆಯಲ್ಲಿ ಕೂತು ಅವನು ಗೋಡೆಗಳ ಮೇಲೆ ಸಿಡುಕತೊಡಗಿದಾಗ, ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವ ನಾದಿನಿ ಹಳೆಯ ಬಿಡಿಭಾಗಗಳನ್ನು ಸೇರಿಸಿ ಈ ಯಂತ್ರ ಕಟ್ಟಿಕೊಟ್ಟಳು. ಜೊತೆಗೆ ಆಟದ ಸ್ಟಿಯರಿಂಗು, ಪೆಡಲುಗಳು. ಅಂದಿನಿಂದ ಅವನು ದಿನವೂ ತಿಂಡಿ ತಿಂದು, ತಲೆ ಬಾಚಿಕೊಂಡು, ಬೆಡ್‌ರೂಮಿನ ಮೂಲೆಯಿಂದ ಲಾರಿ ಹೊರಡಿಸುತ್ತಿದ್ದ. ವರ್ಷ ತುಂಬಿತು. ಮತ್ತೆ ಬಿದ್ದಿರಲಿಲ್ಲ. ಲೈಸೆನ್ಸ್ ಕೈಗೆ ಬಂದಿತ್ತು. ಸೋಮವಾರ ಬಂದು ಗಾಡಿ ತೆಗೆದುಕೊಂಡು ಹೋಗು ಎಂದು ಟ್ರಾನ್ಸ್‌ಪೋರ್ಟ್ ಕಚೇರಿಯ ಮ್ಯಾನೇಜರ್ ಹೇಳಿದ್ದ.

ಯಂತ್ರ ಮೊದಲೊಮ್ಮೆ ನಿಜಕ್ಕೂ ಕೈಕೊಟ್ಟಿತ್ತು. ಆಟದಲ್ಲಿ ಘಾಟಿ ಹತ್ತುವಾಗಲೇ ಪರದೆ ಕಪ್ಪಾಗಿ ಇಡೀ ಕಂಪ್ಯೂಟರ್ ಆರಿಹೋಗುತ್ತಿತ್ತು. ನಾದಿನಿ ಧೂಳು ತೆಗೆದಳು, ಮೆಮೊರಿ ಬದಲಿಸಿದಳು, ಕೊನೆಗೆ ವಿದ್ಯುತ್ ಕೊಡುವ ಪೆಟ್ಟಿಗೆಯೇ ಸೊರಗಿದೆಯೆಂದು ಹೊಸದು ಹಾಕಿದಳು. "ಸುಮ್ನೆ ಕೂತಾಗ ಎಲ್ಲರೂ ಗಟ್ಟಿಗರೇ ಭಾವ. ಆಟಕ್ಕೆ ಇಳಿದಾಗ್ಲೇ ಬಂಡವಾಳ ಗೊತ್ತಾಗೋದು" ಎಂದು ಆಗ ನಕ್ಕಿದ್ದಳು. ಪರದೆ ಕಪ್ಪಾಗುವುದು ನಿಂತಿತು. ಆದರೆ ಅವನ ದೂರು ನಿಲ್ಲಲಿಲ್ಲ.

ಈ ದಿನ ಬೆಳಗಿನಿಂದ ಅವಳೇ ಆಡಿ ನೋಡಿದ್ದಳು. ಯಂತ್ರ ಒಮ್ಮೆಯೂ ತಡವರಿಸಲಿಲ್ಲ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ" ಎಂದಳು ನಾದಿನಿ, ಮಂಡಿಯ ಧೂಳು ಕೊಡವುತ್ತ ಎದ್ದು.

"ನನಗೇ ಹೇಳ್ತೀಯಾ? ನೀನು ಫ್ರಾಕ್ ಹಾಕ್ಕೊಂಡು ಓಡಾಡುವಾಗ್ಲೇ ಲಾರಿ ಹೊಡೀತಿದ್ದವನು ನಾನು." ಅವನು ಕುರ್ಚಿ ಎಳೆದು ಕೂತ. "ಇಬ್ಬರೂ ಇಲ್ಲೇ ನಿಂತು ನೋಡಿ. ಆಮೇಲೆ ಮಾತಾಡಿ."

ಹೆಂಡತಿ ಮಂಚದ ಮೇಲೆ ಒಗೆದ ಬಟ್ಟೆ ಮಡಿಸುತ್ತಿದ್ದಳು. ಕನ್ನಡಕದ ಅಂಗಡಿಯಲ್ಲಿ ಅವಳ ಕೆಲಸ. ಈ ದಿನ ವಾರದ ರಜೆ. ಕೈಯಲ್ಲೊಂದು ಟವೆಲ್ ಹಿಡಿದೇ ಬಂದು ಗಂಡನ ಪಕ್ಕ ನಿಂತಳು.

ಪರದೆಯ ಮೇಲೆ ನೆಟ್ಟನೆಯ ಹೆದ್ದಾರಿ. ಅವನು ಕೈ ಎತ್ತಿ ಎದುರು ಗಾಡಿಯವನಿಗೆ ಬೈದ, ಕನ್ನಡಿ ನೋಡಿದ, ಗೇರು ಏರಿಸಿದ. ಅವನ ಡ್ರೈವಿಂಗ್ ಚೆನ್ನಾಗಿತ್ತು. ನಾದಿನಿ ಆಕಳಿಸಿದಳು. ಹೊರಗೆ ಯಾರೋ ಕಬ್ಬಿಣದ ಗೇಟು ಎಳೆದ ಸದ್ದಾಯಿತು.

ಆಗ ಹೆಂಡತಿಗೆ ಅವನ ಕಣ್ಣು ಕಂಡಿತು. ದಿನವಿಡೀ ಅಂಗಡಿಯಲ್ಲಿ ಜನರ ಕಣ್ಣುಗಳನ್ನೇ ನೋಡುತ್ತ ಕೂರುವವಳು ಅವಳು. ಓಡುವ ರಸ್ತೆಯ ಜೊತೆ ಆ ಕಣ್ಣು ಓಡುತ್ತಿರಲಿಲ್ಲ. ಅವನ ತುಟಿ ಏನನ್ನೋ ಚಪ್ಪರಿಸುತ್ತಿತ್ತು. ಎಡಗೈ ಸ್ಟಿಯರಿಂಗ್ ಬಿಟ್ಟು ಅಂಗಿಯ ಗುಂಡಿಯನ್ನು ತಡಕುತ್ತಿತ್ತು. ಕಾಲು ಮಾತ್ರ ಪೆಡಲನ್ನು ಒತ್ತಿದಂತೆಯೇ ಇತ್ತು.

"ರೀ."

ಲಾರಿ ಬಿಳಿ ಗೆರೆ ದಾಟಿತು.

"ರೀ!" ಅವಳು ಭುಜ ಹಿಡಿದು ಅಲ್ಲಾಡಿಸಿದಳು. ಲಾರಿ ಬಸ್‌ ತಂಗುದಾಣದ ಕಂಬಕ್ಕೆ ತಾಗಿ, ಬೇಲಿ ಮುರಿದು, ಹುಲ್ಲಿಗೆ ಇಳಿದು ಹೂತು ನಿಂತಿತು. ಆ ಆಟದಲ್ಲಿ ಬಸ್ಸಿಗೆ ಕಾಯುವವರು ಇರುತ್ತಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವನು ಕಣ್ಣು ಮಿಟುಕಿಸಿದ. ಪರದೆ ನೋಡಿದ. ಗೆದ್ದವನಂತೆ ನಾದಿನಿಯ ಕಡೆ ತಿರುಗಿದ.

"ನೋಡಿದ್ಯಾ? ಮತ್ತೆ ನಿಂತೋಯ್ತು!"

ನಾದಿನಿ ಅಕ್ಕನ ಮುಖ ನೋಡಿದಳು.

"ಯಂತ್ರ ನಿಲ್ಲಲಿಲ್ಲ ರೀ" ಎಂದಳು ಹೆಂಡತಿ.

"ಮತ್ತೆ?"

"ನಾನು ಕೂಗಿದೆ. ಹಿಡ್ಕೊಂಡು ಅಲ್ಲಾಡಿಸಿದೆ. ನಿಮಗೆ ಗೊತ್ತಾಗ್ಲಿಲ್ಲ."

ಅವನು ತನ್ನ ಕಾಲನ್ನು ನೋಡಿಕೊಂಡ. ಅದು ಇನ್ನೂ ಪೆಡಲಿನ ಮೇಲಿತ್ತು. ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟ.

"ಬಿದ್ದಿಲ್ವಲ್ಲ" ಎಂದ. "ಬೀಳ್ದೆ ಫಿಟ್ಸ್ ಹೇಗೆ ಬರುತ್ತೆ? ಡಾಕ್ಟ್ರು ಸರಿಹೋಗಿದೆ ಅಂದ್ರು."

"ನೀವು ಡಾಕ್ಟ್ರಿಗೆ ಬಿದ್ದಿಲ್ಲ ಅಂತ ಹೇಳಿದ್ರಿ. ಅವರು ನಂಬಿದ್ರು. ನಾನೂ ನಂಬಿದ್ದೆ."

"ಸುಳ್ಳು ಹೇಳಿದ್ನಾ ನಾನು?"

"ಇಲ್ಲ. ನಿಮಗೆ ಗೊತ್ತೇ ಆಗಿಲ್ಲ."

ಅವನು ದನಿ ತಗ್ಗಿಸಿದ. "ನಾಳೆ ಹೋಗಿ ಮಾತ್ರೆ ಜಾಸ್ತಿ ಮಾಡಿಸ್ಕೊಂಡು ಬರ್ತೀನಿ. ಈ ಮಾತು ಈ ರೂಮಲ್ಲೇ ಇರ್ಲಿ. ಒಂದ್ಸಲ ಗಾಡಿ ಬಿಟ್ರೆ ಮತ್ತೆ ಯಾರು ಕೊಡ್ತಾರೆ ನಂಗೆ?"

ನಾದಿನಿ ಸ್ಕ್ರೂ ಡ್ರೈವರನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. ಹೆಂಡತಿ ಅಲ್ಲಿಂದ ಸರಿಯಲಿಲ್ಲ. ಅವನು ಅವಳನ್ನು ನೋಡಿದ. ಮುರಿದ ಬೇಲಿಯನ್ನು ನೋಡಿದ. ಕಂಬ ಬಾಗಿತ್ತು, ಅದರಡಿಯ ಬೆಂಚು ಅಡಿಮೇಲಾಗಿತ್ತು. ಬಹಳ ಹೊತ್ತು ಆ ಬೆಂಚನ್ನೇ ನೋಡುತ್ತ ಕೂತಿದ್ದ.

ಆಮೇಲೆ ಎದ್ದು, ಫೋನ್ ತೆಗೆದುಕೊಂಡು ಹಜಾರಕ್ಕೆ ಹೋದ. ಮ್ಯಾನೇಜರನ ಜೊತೆ ಅವನು ಯಾವಾಗಲೂ ಕೂಗಿಯೇ ಮಾತಾಡುವವನು. ಈ ಸಲ ಒಂದೊಂದು ಮಾತನ್ನೂ ತೂಗಿದಂತೆ ಆಡಿದ.

"ಸೋಮವಾರ ನನಗೆ ಗಾಡಿ ಕೊಡಬೇಡಿ ಸಾರ್... ಇಲ್ಲ, ಮುಂದಿನ ವಾರಾನೂ ಬೇಡ... ಹೌದು, ಅದೇ... ನಾನೇ ಹೇಳ್ತಿದೀನಿ ಸಾರ್, ನಾನೇ."

ನಾದಿನಿ ತಗಡನ್ನು ಎತ್ತಿ ಜಾಗಕ್ಕೆ ಕೂರಿಸಿ, ಸ್ಕ್ರೂ ತಿರುಗಿಸತೊಡಗಿದಳು. ಹೆಂಡತಿ ಖಾಲಿ ಕುರ್ಚಿಯಲ್ಲಿ ಕೂತು ಸ್ಟಿಯರಿಂಗ್ ಮೇಲೆ ಕೈಯಿಟ್ಟಳು. ಪೆಡಲ್ ಒತ್ತಿದಳು. ಲಾರಿ ಗುರುಗುಟ್ಟಿತು, ಚಕ್ರಗಳು ನಿಂತಲ್ಲೇ ತಿರುಗಿ ಮಣ್ಣು ಚೆಲ್ಲಿದವು.

"ಹಾಗಲ್ಲ." ಅವನು ಬಾಗಿಲಲ್ಲಿ ನಿಂತಿದ್ದ. "ಮೊದಲು ಹಿಂದಕ್ಕೆ ತಗೋ. ಮೆಲ್ಲಗೆ."

ಅವಳು ಗೇರು ಬದಲಿಸಿದಳು. ಲಾರಿ ಒಂದಿಷ್ಟು ಹಿಂದಕ್ಕೆ ಉರುಳಿತು. ಹುಲ್ಲಿನ ಮೇಲೆ ಎರಡು ಗೆರೆಗಳು ಉಳಿದವು.